ಏಣಿಯ ಬುಡದ ಚಪ್ಪಲಿ

ನಿಮ್ಮ ಮನೆಯ ಸಂಪು ತೊಳೆಯಲು ಕಳೆದ ಸಲ ಒಬ್ಬನನ್ನು ಇಳಿಸಿದಿರಲ್ಲ, ಮುಚ್ಚಳ ಹಾಕಿಸುವ ಮುನ್ನ ಅವನು ಮೇಲೆ ಬಂದನೇ ಎಂದು ನೀವು ಕಣ್ಣಾರೆ ನೋಡಿದಿರಾ? ನೋಡಿದ್ದರೆ ಅವನ ಮುಖ ನೆನಪಿದೆಯೇ? ಕೊಟ್ರೇಶ್ ಅವರನ್ನು ದೂರುವ ಮೊದಲು ಈ ಪ್ರಶ್ನೆಗೆ ನಿಮ್ಮೊಳಗೇ ಉತ್ತರ ಹೇಳಿಕೊಳ್ಳಿ. ಏಕೆಂದರೆ ಕೊಟ್ರೇಶ್ ಕೆಟ್ಟ ಮನುಷ್ಯರಲ್ಲ. ನಿಮ್ಮಂತೆಯೇ ಓದು ಬರಹ ಬಲ್ಲವರು, ಹಾಲಿನವಳಿಗೆ ಬಾಕಿ ಉಳಿಸಿಕೊಳ್ಳದವರು.

ಆ ಶನಿವಾರ ಬೆಳಿಗ್ಗೆ ಬಾಗಲಗುಂಟೆಯ ತಮ್ಮ ಮನೆಯ ಕಿಟಕಿಯ ಬಳಿ ಅವರು ಸಾಸಿವೆಗಿಂತ ಚಿಕ್ಕದಾದ ಒಂದು ಬೋಲ್ಟನ್ನು ಚಿಮಟದ ತುದಿಯಲ್ಲಿ ಹಿಡಿದು, ಉಸಿರು ಬಿಗಿಹಿಡಿದು ಕುಳಿತಿದ್ದರು. ಮೇಜಿನ ಮೇಲೆ ಗೇಣುದ್ದಕ್ಕೂ ಕಡಿಮೆಯ ಒಂದು ಟ್ಯಾಂಕ್ ವ್ಯಾಗನ್ನು ನಿಂತಿತ್ತು. ಆಮ್ಲ ಸಾಗಿಸುವ ನಿಜವಾದ ರೈಲುಗಾಡಿಯೊಂದರ ಎಂಬತ್ತೇಳನೆಯ ಒಂದು ಪಾಲಿನ ಪ್ರತಿರೂಪ ಅದು. ಹಿತ್ತಾಳೆ ತಗಡನ್ನು ಕೊಳವೆಯ ಸುತ್ತ ಬಾಗಿಸಿ ಬೆಸೆದು ಮಾಡಿದ ಉರುಳೆ. ಮೊಂಡು ಸೂಜಿಯಿಂದ ಒಳಗಡೆಯಿಂದ ಒತ್ತಿ ಎಬ್ಬಿಸಿದ ನೂರಾರು ರಿವೆಟ್ಟುಗಳು. ಕೂದಲಷ್ಟು ತೆಳ್ಳಗಿನ ತಂತಿಯ ಏಣಿ. ತುಕ್ಕಿಗೆ ಇಟ್ಟಿಗೆಯ ಪುಡಿಯನ್ನೂ, ಗಾಲಿಗಳ ಧೂಳಿಗೆ ದೇವರ ಕೋಣೆಯ ವಿಭೂತಿಯನ್ನೂ ಬಳಸಿದ್ದರು. ವಿಭೂತಿಯ ಗಟ್ಟಿ ಸವೆದದ್ದು ಹೆಂಡತಿ ನೀಲಾಂಬಿಕಾಳ ಕಣ್ಣಿಗೆ ಬಿದ್ದಿತ್ತು.

"ಹಣಿಗೆ ಹಚ್ಚೋದನ್ನ ಗಾಲಿಗೆ ಹಚ್ಚೀರಲ್ರೀ," ಎಂದು ಆಕೆ ಹಂಗಿಸಿದ್ದಳು. "ಇನ್ನ ಇದಕ್ಕೂ ಒಂದು ಲಿಂಗ ಕಟ್ಟಿಬಿಡ್ರಿ."

ಇದ್ದದ್ದನ್ನು ಇದ್ದಂತೆಯೇ ಮಾಡಬೇಕೆಂಬುದು ಕೊಟ್ರೇಶ್ ಅವರ ವ್ರತ. ನಿಜವಾದ ಗಾಡಿಯ ಒಂದು ಸೊಟ್ಟ ಬೆಸುಗೆಯನ್ನೂ ಅವರು ನೇರ ಮಾಡುತ್ತಿರಲಿಲ್ಲ. ಆದರೆ ಈ ಗಾಡಿಯ ನೆತ್ತಿಯ ಮೇಲಿನ ಮುಚ್ಚಳ ಮಾತ್ರ ಅಂಟಿಕೊಳ್ಳಲು ಒಪ್ಪದೆ ಅಂದು ಮೂರನೆಯ ಸಲ ಮೇಲೆದ್ದಿತ್ತು. ಅಂಟು ಹಳೆಯದೆಂದು ಅವರು ಹೊಸದನ್ನು ತಂದಿದ್ದರು, ಹೊಸದೂ ಹಿಡಿಯಲಿಲ್ಲ. ಇನ್ನೊಂದು ಸಂಗತಿಯೂ ಇತ್ತು. ಯಾರೂ ಮುಟ್ಟದಿದ್ದಾಗ ಆ ಉರುಳೆಯೊಳಗಿನಿಂದ ಒಮ್ಮೊಮ್ಮೆ ಸಣ್ಣಗೆ ಸದ್ದು ಬರುತ್ತಿತ್ತು.

"ಮತ್ತ ಟಕ್ ಅಂತು ನೋಡ್ರಿ," ಎಂದಳು ನೀಲಾಂಬಿಕಾ, ಪೂಜೆಗೆ ಹೂ ಬಿಡಿಸುತ್ತಲೇ.

"ಹಿತ್ತಾಳಿ ಕಾದು ಆರೋ ಮುಂದ ಅಂಗ ಅಂತೈತಿ."

"ಬೆಸುಗಿ ಹಾಕಿ ನಾಕು ತಿಂಗಳಾತು. ಇನ್ನೂ ಆರಿಲ್ಲೇನು?"

ಅವರು ಮುಚ್ಚಳಕ್ಕೆ ಮತ್ತೆ ಅಂಟು ಹಚ್ಚಿದರು.

ಪೀಣ್ಯ ಎರಡನೇ ಹಂತದ ಒಂದು ಕಾರ್ಖಾನೆಯಲ್ಲಿ ಕೊಟ್ರೇಶ್ ಇಪ್ಪತ್ತಾರು ವರ್ಷ ಗುಣಮಟ್ಟ ಪರೀಕ್ಷಕರಾಗಿದ್ದವರು. ರೈಲ್ವೆಯ ಟ್ಯಾಂಕ್ ವ್ಯಾಗನ್ನುಗಳನ್ನು ಅಲ್ಲಿಗೆ ಟ್ರೈಲರಿನಲ್ಲಿ ತಂದು, ಅಂಗಳದ ತುಂಡು ಹಳಿಯ ಮೇಲೆ ನಿಲ್ಲಿಸಿ, ಆಮ್ಲ ತಡೆಯುವ ಬಣ್ಣವನ್ನು ಒಳಮೈಗೆ ಬಳಿಯುತ್ತಿದ್ದರು. ಬಣ್ಣಕ್ಕೆ ಮಣ್ಣು ತಾಗಬಾರದೆಂದು ಒಳಗಿಳಿಯುವವನು ಬರಿಗಾಲಲ್ಲಿ ಇಳಿಯಬೇಕು. ಹಾಗಾಗಿ ಏಣಿಯ ಬುಡದಲ್ಲಿ ಚಪ್ಪಲಿ ಇದ್ದರೆ ಒಳಗೆ ಆಳಿದ್ದಾನೆ ಎಂದೇ ಅರ್ಥ. ಸಂಜೆ ಮುಚ್ಚಳ ಹಾಕುವ ಮುನ್ನ ಪರೀಕ್ಷಕನು ಸಣ್ಣ ಸುತ್ತಿಗೆಯಿಂದ ಉರುಳೆಗೆ ಮೂರು ಪೆಟ್ಟು ಹೊಡೆದು ಕಾಯಬೇಕು. ಒಳಗಿದ್ದವನು ಎರಡು ಪೆಟ್ಟಿನಿಂದ ಓಗೊಡಬೇಕು. ಯಾವ ಪುಸ್ತಕದಲ್ಲೂ ಬರೆಯದಿದ್ದ ಈ ಪದ್ಧತಿಯನ್ನು ಕೊಟ್ರೇಶ್ ಎಷ್ಟೋ ಹೊಸಬರಿಗೆ ತಾವೇ ಕಲಿಸಿದ್ದರು.

ಕಳೆದ ವರ್ಷದ ಫೆಬ್ರವರಿಯಲ್ಲಿ ಮುನಿಕೃಷ್ಣನೆಂಬ ಬಣ್ಣದ ಕೆಲಸಗಾರ ಒಂದು ವ್ಯಾಗನ್ನಿನೊಳಗೆ ಸತ್ತು ಬಿದ್ದಿದ್ದ. ಬೆಳಿಗ್ಗೆ ನೋಡಿದಾಗ ಮುಚ್ಚಳ ತೆರೆದಿತ್ತಂತೆ. ಪಾಳಿ ಮುಗಿದ ಮೇಲೆ ಕುಡಿದು ಬಂದು, ಬೋಲ್ಟುಗಳನ್ನು ಬಿಚ್ಚಿಕೊಂಡು, ಅಮಲಿನಲ್ಲಿ ತಾನೇ ಇಳಿದನೆಂದು ಕಾರ್ಖಾನೆಯವರು ಬರೆದುಕೊಂಡರು. ಅಂದು ಸಂಜೆ ಐದಕ್ಕೇ ಮನೆಗೆ ಹೊರಟಿದ್ದ ಕೊಟ್ರೇಶ್ ಅದನ್ನು ನಂಬಿದರು. ನಂಬುವುದು ಅವರಿಗೆ ಅನುಕೂಲವಾಗಿತ್ತೆಂದು ನಾವು ಹೇಳಲೇಬೇಕು. ಮರುತಿಂಗಳು ಅವರು ನಿವೃತ್ತರಾದರು. ಕಾರ್ಖಾನೆಯ ಮೂವತ್ತು ವರ್ಷದ ಸಮಾರಂಭಕ್ಕೆ ಒಂದು ಮಾದರಿ ವ್ಯಾಗನ್ನು ಮಾಡಿಕೊಡಬೇಕೆಂದು ಮ್ಯಾನೇಜರ್ ಗುರುರಾಜ್ ಬಹಳ ಹಿಂದೆಯೇ ಕೇಳಿದ್ದರು. ಅದಕ್ಕೆಂದು ಕೊಟ್ರೇಶ್ ಮೊದಲೇ ಫೋನಿನಲ್ಲಿ ಚಿತ್ರಗಳನ್ನು ತೆಗೆದಿಟ್ಟಿದ್ದರು. ಮುನಿಕೃಷ್ಣ ಸತ್ತ ವ್ಯಾಗನ್ನೇ ಈ ಮಾದರಿಯ ವ್ಯಾಗನ್ನು. ಚಿತ್ರ ತೆಗೆದದ್ದು ಆ ಸಂಜೆಯೇ.

ನೀಲಾಂಬಿಕಾ ಪೂಜೆಗೆ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಹಾಲಿನ ಕ್ಯಾನು ಹಿಡಿದು ಮಂಜುಶ್ರೀ ಮೆಟ್ಟಿಲು ಹತ್ತಿ ಬಂದಳು. ದಿನವೂ ಗೇಟಿನಲ್ಲೇ ಹಾಲು ಅಳೆದು ಹೋಗುತ್ತಿದ್ದವಳು. ಮುನಿಕೃಷ್ಣನ ಹೆಂಡತಿ ಅವಳು. ಈ ಕಾರ್ಖಾನೆಗಳೆಲ್ಲ ನಿಂತಿರುವ ನೆಲದಲ್ಲಿ ಅವಳ ಮಾವಂದಿರು ರಾಗಿ ಬೆಳೆದಿದ್ದರು. ಈಗ ಉಳಿದದ್ದು ನಾಲ್ಕು ಹಸು, ಒಂದು ಕೊಟ್ಟಿಗೆ. ಗಂಡ ಸತ್ತ ಮೇಲೂ ಅವಳು ಒಂದು ದಿನವೂ ಆ ಮನೆಗೆ ಹಾಲು ತಪ್ಪಿಸಿರಲಿಲ್ಲ. ಕೊಟ್ರೇಶ್ ಮಾತ್ರ ಆ ಹೊತ್ತಿಗೆ ಸರಿಯಾಗಿ ಸ್ನಾನಕ್ಕೆ ಹೋಗುವುದನ್ನು ರೂಢಿಸಿಕೊಂಡಿದ್ದರು; ಅಂದು ಮುಚ್ಚಳದ ಗೊಡವೆಯಲ್ಲಿ ಹೊತ್ತು ಮರೆತಿದ್ದರು.

ಹೊಸ್ತಿಲ ಹೊರಗೇ ನಿಂತು ಅವಳು ತಾನು ಬಂದ ಕಾರಣ ಹೇಳಿದಳು. ಗಂಡನ ಸಾವಿನ ಬಗ್ಗೆ ಸೋಮವಾರ ಕೊನೆಯ ವಿಚಾರಣೆ. ಗಂಡ ಕುಡಿಯುತ್ತಿರಲಿಲ್ಲವೆಂದು ಸಾರ್ ಒಂದು ಸಾಲು ಬರೆದುಕೊಟ್ಟರೆ ಸಾಕು. ಬೆಳಗಿನ ಜಾವ ಐದಕ್ಕೆ ಹಾಲು ಕರೆಯುವ ಮನುಷ್ಯ ಎಲ್ಲಿ ಕುಡಿಯುತ್ತಾನೆ? ಶಾಲೆಯಲ್ಲಿ ಮಗಳು ರಕ್ಷಿತಾಳನ್ನು ಕುಡುಕನ ಮಗಳು ಎಂದು ಕರೆಯುತ್ತಾರೆ; ಹುಡುಗಿ ಹಿಂದಿನ ಬೆಂಚಿಗೆ ಹೋಗಿ ಕೂತಿದ್ದಾಳೆ.

ತಾವು ಐದಕ್ಕೇ ಮನೆಗೆ ಹೊರಟವರು, ಆಮೇಲಿನದು ತಮಗೆ ತಿಳಿಯದು ಎಂದು ಕೊಟ್ರೇಶ್ ಮೃದುವಾಗಿಯೇ ಹೇಳಿದರು. ಅವಳು ತಲೆಯಾಡಿಸಿದಳು. ತಿರುಗಬೇಕೆನ್ನುವಷ್ಟರಲ್ಲಿ ಅವಳ ಕಣ್ಣು ಮೇಜಿನ ಮೇಲೆ ನಿಂತಿತು.

"ಇದು ಅದೇ ಅಲ್ವಾ ಸಾರ್?"

ಅವರು ಹೌದೆಂದರು. ಅವಳು ಒಳಗೆ ಬಂದು, ಕ್ಯಾನನ್ನು ಕೆಳಗಿಟ್ಟು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಗ್ಗಿ ನೋಡಿದಳು; ಉಸಿರು ತಾಗಿ ಎಲ್ಲಿ ಹಾಳಾದೀತೋ ಎಂಬಂತೆ.

"ಏಣಿ ಕೆಳಗೆ ಇಟ್ಟಿದ್ದೀರಲ್ಲ, ಇವು ಏನು?"

"ಗಾಲಿ ಉರುಳದಂಗ ಅಡ್ಡ ಇಡೋ ಮರದ ತುಂಡು. ಫೋಟೋದಾಗ ಇದ್ವು, ಅದಕ್ಕ ಮಾಡೇನಿ."

"ಮರದ ತುಂಡಿಗೆ ನೀಲಿ ದಾರ ಯಾಕ್ ಕಟ್ತಾರೆ ಸಾರ್?"

ಕೊಟ್ರೇಶ್ ಕನ್ನಡಕ ಸರಿಪಡಿಸಿಕೊಂಡರು. ತಲಾ ಮೂರು ಮಿಲಿಮೀಟರಿನ ಎರಡು ಕಂದು ಚೂರುಗಳು. ಒಂದರ ಮೇಲೆ ಅಡ್ಡಲಾಗಿ ಒಂದು ನೀಲಿ ಗೀಟು. ಚಿತ್ರದಲ್ಲಿ ಇತ್ತು, ಅವರು ಎಳೆದಿದ್ದರು. ಒಂದೇ ಕೂದಲಿನ ಕುಂಚದಿಂದ ಮೂರು ಸಲ ಅಳಿಸಿ ತಿದ್ದಿದ್ದರು. ಯಾಕಿದೆ ಎಂದು ಮಾತ್ರ ಕೇಳಿಕೊಂಡಿರಲಿಲ್ಲ.

"ಹಿಂಡಿ ಮೂಟೆ ದಾರ ಅದು," ಎಂದಳು ಮಂಜುಶ್ರೀ. ದನಿ ಏರಲಿಲ್ಲ. "ಉಂಗುಷ್ಟ ಕಿತ್ತೋಗಿತ್ತು. ಅವತ್ತು ಬೆಳಿಗ್ಗೆ ನಾನೇ ಒಲ್ದು ಕೊಟ್ಟಿದ್ದು. ನಮ್ಮೆಜಮಾನ್ರ ಚಪ್ಪಲಿ ಇವು ಸಾರ್. ಊಟದ ಡಬ್ಬಿ ಕೊಟ್ರು, ಫೋನು ಕೊಟ್ರು, ಚಪ್ಪಲಿ ಕೊಡ್ಲಿಲ್ಲ. ಅನ್ನೊಂದನೇ ದಿನ ಎಡೆ ಪಕ್ಕ ಇಡಾಕೆ ಇರ್ಲಿಲ್ಲ."

ಕೊಟ್ರೇಶ್ ಫೋನು ತೆರೆದರು. ಹನ್ನೊಂದನೆಯ ಚಿತ್ರ, ಸಮಯ ನಾಲ್ಕು ಗಂಟೆ ಐವತ್ತೆರಡು ನಿಮಿಷ. ಅವರು ಅದನ್ನು ಹಿಗ್ಗಿಸಿದರು. ಏಣಿಯ ಬುಡದ ನೆರಳಿನಲ್ಲಿ ಎರಡು ಚಪ್ಪಲಿಗಳು, ಜೋಡಿಯಾಗಿ, ಗುಡಿಯ ಮುಂದೆ ಬಿಟ್ಟ ಹಾಗೆ ಅಚ್ಚುಕಟ್ಟಾಗಿ ಇದ್ದವು. ಮಂಜುಶ್ರೀ ಆ ಚಿತ್ರವನ್ನು ಕೆಳಗಿನಿಂದ ಮೇಲಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಹತ್ತುವವಳಂತೆ ನೋಡಿದಳು.

"ಮೇಲೆ ಮುಚ್ಚಳ ಮುಚ್ಚೈತಲ್ಲ ಸಾರ್," ಎಂದಳು. "ಅಂಗಾದ್ರೆ ಅವ್ರು ಎಲ್ಲಿದ್ರು?"

ಎಂಟೂ ಬೋಲ್ಟು ಬಿಗಿದಿದ್ದವು. ಬಿಗಿಸಿದವರು ಕೊಟ್ರೇಶ್. ಇಳಿಬಿಸಿಲು ರಿವೆಟ್ಟುಗಳ ಮೇಲೆ ಓರೆಯಾಗಿ ಬಿದ್ದು ಒಂದೊಂದೂ ಎದ್ದು ಕಾಣುತ್ತಿದ್ದ ಗಳಿಗೆ ಅದು. ಮುಚ್ಚಳ ತೆರೆದಿದ್ದರೆ ಚಿತ್ರ ಕೆಡುತ್ತದೆಂದು, ಬೆಳಕು ಹೋಗುತ್ತದೆಂದು, ಅವರು ಒಬ್ಬ ಆಳನ್ನು ಕರೆದು ಮುಚ್ಚಿಸಿದ್ದರು. ಮೂರು ಪೆಟ್ಟು ಹೊಡೆಯಲಿಲ್ಲ. ಸುತ್ತಿಗೆ ಇರಬೇಕಾದ ಕೈಯಲ್ಲಿ ಫೋನಿತ್ತು. ಐದಾರು ಚಿತ್ರ ತೆಗೆಯುವಾಗ ಉರುಳೆಯೊಳಗಿನಿಂದ ಟಕ್, ಟಕ್ ಎಂದು ಕೇಳಿದ್ದೂ ನಿಜ. ಬಿಸಿಲು ಇಳಿದಾಗ ಕಬ್ಬಿಣ ಕುಗ್ಗಿ ಸದ್ದು ಮಾಡುತ್ತದೆಂಬ ವಿದ್ಯೆ ಅವರಿಗೆ ತಿಳಿದಿತ್ತು. ವಿದ್ಯೆಯನ್ನು ಇಂತಹ ಕೆಲಸಕ್ಕೂ ಬಳಸಬಹುದೆಂದು ನಮ್ಮ ಶಾಲೆಗಳಲ್ಲಿ ಯಾರೂ ಎಚ್ಚರಿಸುವುದಿಲ್ಲ.

ಮಂಜುಶ್ರೀ ಹಾಲು ಅಳೆದು ಪಾತ್ರೆಗೆ ಸುರಿದು, ಕ್ಯಾನು ಎತ್ತಿಕೊಂಡು ಇಳಿದುಹೋದಳು. ಅಳತೆ ಎಂದಿನಷ್ಟೇ ಇತ್ತು.

ಬಹಳ ಹೊತ್ತಿನ ಮೇಲೆ ಕೊಟ್ರೇಶ್ ಚಿಮಟವನ್ನು ತಿರುಗಿಸಿ ಹಿಡಿದು, ಅದರ ಹಿಂತುದಿಯಿಂದ ಹಿತ್ತಾಳೆಯ ಉರುಳೆಗೆ ಮೂರು ಸಲ ತಟ್ಟಿದರು. ಒಂದು ವರ್ಷ ತಡವಾದ ಮೂರು ಪೆಟ್ಟು. ರಸ್ತೆಯಲ್ಲಿ ಕಾರ್ಖಾನೆಯ ಬಸ್ಸೊಂದು ಹಾದುಹೋಗಿ ಸದ್ದಡಗಿತು. ಆಮೇಲೆ ಒಳಗಿನಿಂದ ಬಂತು: ಟಕ್. ತುಸು ಬಿಟ್ಟು, ಇನ್ನೊಂದು. ಅಷ್ಟೇ.

ವಿಭೂತಿಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ನೀಲಾಂಬಿಕಾಗೂ ಅದು ಕೇಳಿಸಿತು. ಇಪ್ಪತ್ತಾರು ವರ್ಷದಲ್ಲಿ ಊಟದ ಹೊತ್ತಿನ ಮಾತಿನಲ್ಲಿ ಆ ಪದ್ಧತಿ ಅವಳಿಗೂ ಪರಿಚಿತವಾಗಿತ್ತು. ಅವಳು ಹೆದರಿದಂತೆ ಕಾಣಲಿಲ್ಲ.

"ಮುಚ್ಚಳ ತಗೀರಿ," ಎಂದಳು.

ಭಾನುವಾರ ಗುರುರಾಜ್ ಮಾದರಿಯನ್ನು ಒಯ್ಯಲು ಗಾಜಿನ ಪೆಟ್ಟಿಗೆಯೊಂದಿಗೆ ಬಂದರು. ಎಲ್ಲವನ್ನೂ ಕೇಳಿಸಿಕೊಂಡರು. ಅವರಿಗೆ ಆಶ್ಚರ್ಯವಾಗಲಿಲ್ಲವೆಂಬುದನ್ನು ಕೊಟ್ರೇಶ್ ಗಮನಿಸಿದರು.

"ಸಾರ್, ಇಷ್ಟ್ ಚೆನ್ನಾಗ್ ಮಾಡಿದ್ದೀರ, ಎರಡು ಮರದ ತುಂಡು ಕಿತ್ತಾಕ್ಬಿಡಿ, ಮುಗೀತು," ಎಂದರು ಗುರುರಾಜ್ ನಗುತ್ತ. ನಗು ನಿಂತ ಮೇಲೆ ಮೆಲ್ಲಗೆ ಸೇರಿಸಿದರು: "ಮುಚ್ಚಿ ಅಂದಿದ್ದು ನೀವು. ಚೆಕ್ ಶೀಟಲ್ಲಿ ಸೈನ್ ನಿಮ್ದು. ಕೇಸ್ ಆದ್ರೆ ಮೊದಲನೇ ಹೆಸರು ಯಾರ್ದು ಹೇಳಿ? ಈ ವಯಸ್ಸಲ್ಲಿ ಬೇಕಾ ಸಾರ್?"

"ಬ್ಯಾಡಾಗಿತ್ತು," ಎಂದರು ಕೊಟ್ರೇಶ್. "ಮೊದಲ್ನೇ ಹೆಸರು ನಂದೇ ಐತಿ. ಎರಡನೇದು ಯಾರದು ಅಂತ ನೀವು ವಿಚಾರ ಮಾಡ್ರಿ. ರಾತ್ರಿ ಆ ಎಂಟು ಬೋಲ್ಟು ತಾವಾಗೇ ಬಿಚ್ಚಿಕೊಂಡಿಲ್ಲ."

ಗಾಜಿನ ಪೆಟ್ಟಿಗೆ ಖಾಲಿಯಾಗಿಯೇ ಹಿಂದಿರುಗಿತು.

ಸೋಮವಾರ ಅವರು ವಿಚಾರಣಾಧಿಕಾರಿಯ ಮುಂದೆ ಹನ್ನೊಂದನೆಯ ಚಿತ್ರವನ್ನೂ, ತಮ್ಮ ಕೈಬರಹದ ಒಂದು ಹಾಳೆಯನ್ನೂ ಇಟ್ಟರು. 'ಒಳಗೆ ಆಳಿರುವಾಗ ಮುಚ್ಚಳ ಮುಚ್ಚಿಸಿದವನು ನಾನು' ಎಂಬುದು ಅದರ ಮೊದಲ ಸಾಲು. ಅಧಿಕಾರಿ ಅದನ್ನು ಎರಡು ಸಲ ಓದಿ, ಕುರ್ಚಿಯಲ್ಲಿ ಕೂರಲು ಹೇಳಿದರು. ಕೊಟ್ರೇಶ್ ನಿಂತೇ ಇದ್ದರು. ಅವರು ಹೊರಬಂದಾಗ ಹೊರಗಿನ ಬೆಂಚಿನಲ್ಲಿ ಕುಳಿತಿದ್ದ ಮಂಜುಶ್ರೀ ಎದ್ದು ನಿಲ್ಲಲಿಲ್ಲ, ಕೈಮುಗಿಯಲಿಲ್ಲ. ಹಾಗೆ ಮಾಡಬೇಕೆಂದು ನಾವು ಯಾರೂ ಅವಳಿಂದ ನಿರೀಕ್ಷಿಸತಕ್ಕದ್ದೂ ಅಲ್ಲ. ಕುಡುಕ ಎಂಬ ಮಾತನ್ನು ಕಡತದಲ್ಲಿ ಹೊಡೆದುಹಾಕಿದರು. ಕೊಟ್ರೇಶ್ ಮೇಲೆ ಪ್ರಕರಣ ದಾಖಲಾಯಿತು. ಬೋಲ್ಟು ಬಿಚ್ಚಿದವರ ಹೆಸರು ಇನ್ನೂ ಹೊರಬಂದಿಲ್ಲ.

ಮುನಿಕೃಷ್ಣನ ವರ್ಷದ ತಿಥಿಯ ದಿನ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಬಾಳೆಯೆಲೆಯ ಮೇಲೆ ಎಡೆ ಇಟ್ಟಿದ್ದರು: ಮುದ್ದೆ, ಸಾರು, ವಡೆ, ಒಂದು ಲೋಟ ಹಾಲು. ಎಲೆಯ ಪಕ್ಕದಲ್ಲಿ ಮಡಿಸಿದ ಅಂಗಿ. ಅಂಗಿಯ ಮುಂದೆ, ರಕ್ಷಿತಾ ತನ್ನ ಅಂಗೈಯಿಂದ ಎಚ್ಚರಿಕೆಯಾಗಿ ಇಳಿಸಿದ, ಇರುವೆಯೂ ಹೊತ್ತೊಯ್ಯಬಹುದಾದಷ್ಟು ಪುಟ್ಟ ಒಂದು ಜೊತೆ ಚಪ್ಪಲಿ. ಒಂದರ ಮೇಲೆ ನೀಲಿ ದಾರ. ಬಾಗಲಗುಂಟೆಯ ಮನೆಯಲ್ಲಿ ಮಾದರಿಯ ವ್ಯಾಗನ್ನು ಮುಚ್ಚಳ ತೆರೆದುಕೊಂಡು ಕಿಟಕಿಯಲ್ಲಿ ನಿಂತಿದೆ. ಅದು ಈಗ ಸದ್ದು ಮಾಡುವುದಿಲ್ಲ.

ಓದುಗರೇ, ಈ ಪುಟವನ್ನು ಮುಚ್ಚುವ ಮೊದಲು ಎದ್ದು ಕೆಳಗೆ ಹೋಗಿ, ನಿಮ್ಮ ಮನೆಯ ಸಂಪಿನ ಬಳಿ ಯಾರದಾದರೂ ಚಪ್ಪಲಿ ಇದೆಯೇ ನೋಡಿ. ಇಲ್ಲದಿದ್ದರೂ ಮುಚ್ಚಳದ ಮೇಲೆ ಮೂರು ಸಲ ತಟ್ಟಿ. ತಟ್ಟಿದೊಡನೆ ತಿರುಗಿ ಬರಬೇಡಿ. ದಯವಿಟ್ಟು, ಸ್ವಲ್ಪ ಹೊತ್ತು ನಿಂತು ಕೇಳಿ.