ಬಿಡುಗಡೆಯ ಎಲೆ

ಮಗ್ಗದಲ್ಲಿ ಎಳೆಗಳು ಒಂದರ ಹಿಂದೊಂದು ಪಟಪಟನೆ ಹರಿಯುತ್ತಿದ್ದರೆ, ಕಾಲಿಳಿಬಿಟ್ಟು ಮಗ್ಗದ ಗುಂಡಿಯಲ್ಲಿ ಕೂತ ಓಬಯ್ಯನಿಗೆ ಒಳಗೊಳಗೇ ಸಮಾಧಾನ. ಎಳೆ ಗಟ್ಟಿಯಾಗಲೆಂದು ಹಚ್ಚುವ ಹುಣಸೆಬೀಜದ ಗಂಜಿಗೆ ಬೇಕೆಂದೇ ನೀರು ಹೆಚ್ಚು ಸುರಿದವನು ಅವನೇ. ಗಂಜಿ ತೆಳುವಾದರೆ ಉಣ್ಣೆಯ ಎಳೆ ತಾಳುವುದಿಲ್ಲ.

ಬೇರೆ ದಾರಿಯೂ ಇರಲಿಲ್ಲ. ಮಡಕಶಿರಾದ ಕಂಬಳಿ ಸಾಹುಕಾರರೊಬ್ಬರು ಅವನನ್ನು ಮೇಸ್ತ್ರಿಯಾಗಿ ಬಾ ಎಂದು ಕರೆದಿದ್ದರು. ಆದರೆ ನೇಕಾರ ಒಂದು ಮಗ್ಗದಮನೆ ಬಿಟ್ಟು ಇನ್ನೊಂದಕ್ಕೆ ಹೋಗಬೇಕೆಂದರೆ ಹಳೆಯ ಧಣಿ ಕೈಯಾರೆ ಎಲೆ-ಅಡಿಕೆ ಕೊಟ್ಟು ಕಳಿಸಬೇಕು. ಆ ಎಲೆ ಪಡೆಯದವನನ್ನು ಯಾರೂ ಸೇರಿಸಿಕೊಳ್ಳರು. ಅವನ ಧಣಿ ದೊಡ್ಡಮಲ್ಲಪ್ಪ ಸಾಹುಕಾರರು ಕೊಡಲೊಲ್ಲರು. ಜರ್ಮನಿ ಯುದ್ಧಕ್ಕೆಂದು ಸರ್ಕಾರ ಕಂಬಳಿ ಕೊಳ್ಳುತ್ತಿದ್ದ ಕಾಲ. ಕೇಳಿದಾಗಲೆಲ್ಲ "ನಿನ್ನಂಥ ಕೈ ರಾಯದುರ್ಗದಾಗ ಎಲ್ಲೈತೋ" ಎಂದು ಹೊಗಳುವರು. ಇಲ್ಲೇ ಮೇಸ್ತ್ರಿ ಮಾಡಿ ಎಂದರೆ, "ನೀ ಮೇಸ್ತ್ರಿ ಆದ್ರ ನೇಯೋರ್ಯಾರು?" ಎಂದು ಆ ಪಟ್ಟವನ್ನು ತಮ್ಮ ಅಳಿಯನಿಗೆ ಕಟ್ಟಿದ್ದರು. ಗಾಣದೆತ್ತಿನ ಕೊಂಬಿಗೆ ಬಣ್ಣ ಬಳಿದರೆ ಸುತ್ತುವುದು ತಪ್ಪುತ್ತದೆಯೇ? ಕೈ ಕೆಟ್ಟಿತೆಂದು ಬೈದಾದರೂ ಎಲೆ ಕೊಟ್ಟಾರು ಎಂಬ ಲೆಕ್ಕ ಓಬಯ್ಯನದು.

ಸಾಹುಕಾರರು ಬಂದರು. ಹರಿದ ಎಳೆಯನ್ನು ಬೆರಳಲ್ಲಿ ಹೊಸೆದು ನೋಡಿದರು. "ಇದು ಯಾರ ನೂಲು?"

"ಜುಂಜಮ್ಮಂದು" ಎಂದ ಅಳಿಯ.

"ಆ ಮುದಿಕಿಗೆ ಇನ್ಮ್ಯಾಲೆ ಉಣ್ಣಿ ಕೊಡಬ್ಯಾಡ."

ಗಂಡ ಸತ್ತ ಮೇಲೆ ರಾಟೆ ತಿರುಗಿಸಿಯೇ ಹೊಟ್ಟೆ ಹೊರೆಯುತ್ತಿದ್ದವಳು ಜುಂಜಮ್ಮ. ಓಬಯ್ಯ ಗುಂಡಿಯಿಂದ ಎದ್ದು ಬಂದ.

"ನೂಲಿಂದೇನೂ ತಪ್ಪಿಲ್ರಿ ಸಾವ್ಕಾರ್ರ. ಗಂಜಿಗೆ ನೀರು ಸುರಿದಾಂವ ನಾನ."

ಸಾಹುಕಾರರು ನಕ್ಕೇಬಿಟ್ಟರು. "ನಿನ್ನ ಕೈಯಾಗ ಗಂಜಿ ಕೆಡತೈತಂದ್ರ ಹುಚ್ಚನೂ ನಂಬಾಂಗಿಲ್ಲ. ಮುದಿಕಿ ಮ್ಯಾಲಿನ ಕರುಣಕ್ಕ ಸುಳ್ಳು ಹೇಳ್ತಿ."

"ನಿಮ್ಮ ಪಾದದಾಣಿ, ಬೇಕಂತ ಮಾಡೀನ್ರಿ. ಎಲಿ ಕೊಟ್ಟು ನನ್ನ ಕಳಿಸ್ರಿ."

ನಗು ನಿಂತಿತು. ಸಾಹುಕಾರರು ಅವನ ಮುಖವನ್ನೇ ನೋಡಿದರು. ಎಲ್ಲ ತಿಳಿಯಿತೆಂದು ಕಾಣುತ್ತದೆ. ಆದರೂ ದನಿ ಮೆತ್ತಗೇ ಇತ್ತು. "ಆಕಿಗೆ ಉಣ್ಣಿ ಕೊಡಸ್ತೀನಿ. ಆದ್ರ ಎಲಿ ಮಾತು ಇನ್ನ ನಿನ್ನ ಬಾಯಾಗ ಬರಬಾರದು."

ಓಬಯ್ಯನಿಗೆ ಅಳು ಬಂತು. ಆಗಲಿ ಎಂದು ತಲೆಯಾಡಿಸಿ, ಹೊಸ ಗಂಜಿ ಕಾಯಿಸಲು ಒಲೆಯ ಕಡೆ ನಡೆದ. ಈ ಸಲ ನೀರು ಹದವಾಗಿಯೇ ಬಿತ್ತು.

ಮರುದಿನ ಬೆಳಿಗ್ಗೆ ಜುಂಜಮ್ಮ ನೂಲಿನ ಉಂಡೆಗಳನ್ನು ತಂದಿಟ್ಟು ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತಳು. ಯಾರೋ ಅವಳಿಗೆ ಅರ್ಧ ಸುದ್ದಿ ಮುಟ್ಟಿಸಿದ್ದರು. "ನನ್ನ ಸಲುವಾಗಿ ಸುಳ್ಳು ಹೇಳಿದ್ಯಂತಲ್ಲೋ ಯಪ್ಪಾ" ಎಂದು ಕಣ್ಣೊರೆಸಿಕೊಂಡಳು. ಸೊಂಟದ ಚೀಲದಿಂದ ಎಲೆಯೊಂದನ್ನು ತೆಗೆದು ಸೆರಗಿಗೆ ಒರೆಸಿ, ಮೇಲೊಂದು ಅಡಿಕೆ ಚೂರಿಟ್ಟು ನೀಡಿದಳು. "ತಗೋ, ಎಲಿ ಹಾಕ್ಕೋ."

ಓಬಯ್ಯ ಎರಡೂ ಕೈಯೊಡ್ಡಿ ತೆಗೆದುಕೊಂಡ. ಬಾಯಿಗೆ ಹಾಕಿಕೊಳ್ಳಲಿಲ್ಲ. ತೊಡೆಯ ಮೇಲಿಟ್ಟುಕೊಂಡು ಲಾಳಿ ಎತ್ತಿಕೊಂಡ.