ಹೆಣ್ಣು ಕೊಟ್ಟವರ ಪಾಲು

ಬೆಟ್ಟದ ತಿರುವಿನಲ್ಲಿ ಹೆಂಗಸೊಬ್ಬಳು ತಲೆಯ ಮೇಲೆ ಬುಟ್ಟಿ ಹೊತ್ತು ಏರಿ ಬರುತ್ತಿದ್ದುದನ್ನು ಕಂಡದ್ದೇ ಮಂಗಾಸಿ ಗುದ್ದಲಿಯನ್ನು ಗದ್ದೆಯ ಅಂಚಿನಲ್ಲೇ ಎಸೆದ. ಮುಖ ಕಾಣುವಷ್ಟು ಹತ್ತಿರವಿರಲಿಲ್ಲ. ಕಾಣಬೇಕಾಗಿಯೂ ಇರಲಿಲ್ಲ. ಬುಟ್ಟಿಗೆ ಹೊದಿಸಿದ್ದ ಕೆಂಪು ಉಲೋಸ್ ಬಟ್ಟೆ ತಂಗಿ ಲಮ್ರಿಯಾಳ ಮದುವೆಯಲ್ಲಿ ಅವನ ಅಪ್ಪ ವಧೂವರರ ಹೆಗಲಿಗೆ ಹೊದಿಸಿದ್ದೇ.

ಕೆಸರುಗಾಲಲ್ಲೇ ಮನೆಯ ಮುಂದೆ ಬಂದು ಕೂಗಿದ. "ಲಮ್ರಿಯಾ ಬಂದ್ಲು. ನಾನಿಲ್ಲ ಅಂತ ಹೇಳು."

ಹೆಂಡತಿ ದುಮಾರಿಸ್ ಕಿಟಕಿಯಿಂದ ತಲೆ ಹೊರಹಾಕಿದಳು. "ಎಲ್ಲಿಗೆ ಹೋದ ಅನ್ಲಿ?"

"ಸಂತೆಗೆ."

"ಈ ಅವತಾರದಲ್ಲಾ? ತಂಗಿ ಊಟ ತಂದ್ರೆ ಹುಲಿ ಬಂದ ಹಾಗೆ ಓಡೋ ಗಂಡಸು ಈ ಊರಲ್ಲಿ ನೀನೊಬ್ನೇ."

ಅಷ್ಟರಲ್ಲಿ ಅವನು ಕಂಬಗಳ ಮೇಲೆ ನಿಂತ ಮನೆಯ ಅಡಿಯ ಹಂದಿಗಳ ನಡುವೆ ನುಸುಳಿ, ಹಿಂದಿನ ಇಳಿಜಾರಿನಲ್ಲಿ ಸರೋವರದ ಕಡೆ ಓಡುತ್ತಿದ್ದ.

ಅವನು ಹೆದರಿದ್ದರಲ್ಲಿ ತಪ್ಪಿರಲಿಲ್ಲ. ಮದುವೆಯಾಗಿ ಹೋದ ತಂಗಿ ಹಂದಿ ಬೇಯಿಸಿ ತಂದು ಅಣ್ಣನ ಮುಂದಿಟ್ಟರೆ ಅದು ಬರೀ ಊಟವಲ್ಲ. ತಿಂದ ಮೇಲೆ ಅಣ್ಣ "ಯಾಕೆ ಬಂದೆ?" ಎಂದು ಕೇಳಬೇಕು. ಕೇಳಿದ ಮೇಲೆ ಅವಳು ಬೇಡಿದ್ದನ್ನು ಇಲ್ಲವೆನ್ನಬಾರದು. ತಿನ್ನದಿದ್ದರೆ ಕೇಳಬೇಕಾಗಿಲ್ಲ. ಲಮ್ರಿಯಾ ಏನು ಬೇಡುತ್ತಾಳೆಂಬುದು ಊರಿಗೇ ಗೊತ್ತಿತ್ತು. ಕಳೆದ ಮಳೆಯಲ್ಲಿ ಗುಡ್ಡ ಜರಿದು ಅವಳ ಗಂಡನ ಗದ್ದೆಗಳೆಲ್ಲ ಮಣ್ಣಡಿಯಾಗಿದ್ದವು. ಅವಳ ಕಣ್ಣು ಒರತೆ ಗದ್ದೆಯ ಮೇಲಿತ್ತು. ಮಂಗಾಸಿಗಿದ್ದ ಮೂರು ಗದ್ದೆಗಳಲ್ಲಿ ಬೇಸಗೆಯಲ್ಲೂ ನೀರು ನಿಲ್ಲುವುದು ಅದೊಂದರಲ್ಲೇ.

ಸಂತೆಯ ಮೋಟಾರು ದೋಣಿ ಹಗ್ಗ ಬಿಚ್ಚುತ್ತಿತ್ತು. ಮಂಗಾಸಿ ಹಾರಿದ. ದೋಣಿ ಓಲಾಡಿತು, ಕೋಳಿಗಳು ಕೂಗಿದವು, ಈರುಳ್ಳಿ ಮೂಟೆಯ ಮೇಲೆ ಕೂತಿದ್ದ ಮುದುಕಿ ಬೈದಳು. ದಡ ಹಿಂದೆ ಸರಿಯಿತು. ಅವನು ಉಸಿರುಬಿಟ್ಟು ಮುಖ ಒರೆಸಿಕೊಂಡ.

"ಒಳಗೆ ಬಾ ಅಣ್ಣಾ. ಅಲ್ಲಿ ನೀರು ಸಿಡಿಯತ್ತೆ."

ಎಂಜಿನ್ನಿನ ಪಕ್ಕದ ಹಲಗೆಯ ಮೇಲೆ ಲಮ್ರಿಯಾ ಕೂತಿದ್ದಳು. ತೊಡೆಯ ಮೇಲೆ ಬುಟ್ಟಿ.

ಮಂಗಾಸಿ ತಿರುಗಿ ಬೆಟ್ಟದ ಕಡೆ ನೋಡಿದ. "ಹಾಗಾದ್ರೆ ಗುಡ್ಡ ಹತ್ತಿ ಬಂದವಳು ಯಾರೇ?"

"ನನ್ನ ಮಗಳು. ಬುಟ್ಟಿ ಖಾಲಿ. ಅತ್ತೇನ ಮಾತಾಡಿಸ್ಕೊಂಡು ಬಾ ಅಂತ ಕಳಿಸ್ದೆ." ಅವಳು ನಗಲಿಲ್ಲ. "ಅಪ್ಪ ಕೋಲು ತಗೊಂಡಾಗ್ಲೆಲ್ಲಾ ನೀನು ನೀರಿನ ಕಡೆಗೇ ಓಡ್ತಿದ್ದೆ. ನಂಗೊತ್ತಿಲ್ವಾ?"

ದೋಣಿಯಲ್ಲಿದ್ದವರೆಲ್ಲ ನಕ್ಕರು.

"ದೋಣಿ ತಿರುಗಿಸೋ ಪಾರ್ಲಿನ್!"

"ಆಗಲ್ಲ ಮಾವ," ಎಂದ ದೋಣಿಯವನು. "ಈಜೋದಾದ್ರೆ ಹೇಳು, ನಿಧಾನ ಮಾಡ್ತೀನಿ."

ಮಂಗಾಸಿ ಎಲ್ಲರಿಗೂ ಬೆನ್ನು ಹಾಕಿ ಕೂತ. ಬೆಳಗಿನಿಂದ ಹೊಟ್ಟೆಗೇನೂ ಬಿದ್ದಿರಲಿಲ್ಲ. ಬುಟ್ಟಿಯಿಂದ ರಕ್ತ ಹಾಕಿ ಬೇಯಿಸಿದ ಮಾಂಸದ ಘಮ, ನಾಲಿಗೆ ಜುಮ್ಮೆನ್ನಿಸುವ ಕಾಡುಮೆಣಸಿನ ಘಮ ಗಾಳಿಯೊಡನೆ ನೇರ ಅವನ ಮೂಗಿಗೇ ಬರುತ್ತಿತ್ತು.

"ತಿನ್ನು ಅಣ್ಣಾ."

"ತಿನ್ನಲ್ಲ. ಮೇಲಿನ ಗದ್ದೆ ಬೇಕಾದ್ರೆ ತಗೊ. ಊಟ ಗೀಟ ಏನೂ ಬೇಡ, ಸುಮ್ನೆ ತಗೊ."

"ಅದ್ರಲ್ಲಿ ಕಲ್ಲು ಬೆಳೆಯತ್ತೆ. ಕಲ್ಲು ನಮ್ಮಲ್ಲೂ ಬೇಕಾದಷ್ಟಿದೆ."

"ಒರತೆ ಗದ್ದೇನೇ ಯಾಕೆ ಬೇಕು ನಿಂಗೆ? ಅದನ್ನ ಕೊಟ್ಬಿಟ್ರೆ ಬೆಳಿಗ್ಗೆ ಎದ್ದು ನಾನೆಲ್ಲಿಗೆ ಹೋಗ್ಲಿ?"

ರೇಗಿಯೇ ಹೇಳಿದ್ದ. ಆದರೂ ಯಾರೂ ನಗಲಿಲ್ಲ. ಹೇಳಿದ ಮೇಲೆ ಅವನಿಗೇ ನಾಚಿಕೆಯಾಗಿ ಸರೋವರಕ್ಕೆ ಉಗುಳಿದ.

ಲಮ್ರಿಯಾ ಬುಟ್ಟಿಯ ಅಂಚನ್ನು ಸವರುತ್ತ ಕೂತಿದ್ದಳು. "ನಂಗೆ ಬೆಳಿಗ್ಗೆ ಎದ್ರೆ ಅಕ್ಕಿ ಎಲ್ಲಿಂದ ತರ್ಲಿ ಅನ್ನೋದೇ ಆಗಿದೆ," ಎಂದಳು. "ಅಪ್ಪ ಇದ್ದಿದ್ರೆ ಅಪ್ಪನ ಮುಂದೆ ಇಡ್ತಿದ್ದೆ. ಈಗ ಆ ಜಾಗದಲ್ಲಿ ನೀನಿದೀಯ. ಇನ್ಯಾರ ಹತ್ರ ಹೋಗ್ಲಿ?"

ಎಂಜಿನ್ನು ಒದರುತ್ತಿತ್ತು. ಬಿಸಿಲು ಏರಿತು. ಕೊನೆಗೆ ಲಮ್ರಿಯಾ ಬುಟ್ಟಿ ಬಿಚ್ಚಿದಳು.

"ಹಳಸೋಕೆ ಬಿಡಲ್ಲ ನಾನು. ಕತ್ತಲಿರುವಾಗ್ಲೇ ಎದ್ದು ಬೇಯಿಸಿದ್ದು. ಬನ್ನಿ, ಎಲ್ರೂ ತಿನ್ನಿ."

ಈರುಳ್ಳಿ ಮುದುಕಿ ಮೊದಲು ಕೈ ಚಾಚಿದಳು. ಬಾಳೆಯೆಲೆಯ ತುಂಡುಗಳ ಮೇಲೆ ಅನ್ನ, ಅನ್ನದ ಮೇಲೆ ಮಾಂಸ. "ಅಯ್ಯೋ, ಏನು ಮೆತ್ತಗಿದೆಯೇ ತಾಯಿ! ಮಂಗಾಸಿ, ನೀನು ನೀರು ನೋಡ್ತಾ ಕೂತಿರು, ನೀರು ಚೆನ್ನಾಗಿದೆ." ಪಾರ್ಲಿನ್ ಒಂದು ಕೈಯಲ್ಲಿ ಚುಕ್ಕಾಣಿ ಹಿಡಿದು ಇನ್ನೊಂದರಲ್ಲಿ ತಿಂದ. ಮಂಗಾಸಿ ನೀರು ನೋಡುತ್ತಲೇ ಎಲ್ಲವನ್ನೂ ನೋಡುತ್ತಿದ್ದ. ಕಾಫಿ ಮೂಟೆ ಹೊರುವ ದಾಂಡಿಗನೊಬ್ಬ ಎದ್ದು ಬಂದು ಬುಟ್ಟಿಯೊಳಗೆ ಇಣುಕಿದ. ತಳದಲ್ಲಿ ಎಲೆ ಸುತ್ತಿ ಬೇರೆಯಾಗಿಟ್ಟಿದ್ದ ಪಕ್ಕೆಲುಬಿನ ತುಂಡು ಕಂಡಿತು. ಲಮ್ರಿಯಾ ಬೇಡವೆನ್ನುವಷ್ಟರಲ್ಲಿ ಅವನ ಕೈ ಅದರ ಮೇಲಿತ್ತು.

ಛಟೀರೆಂದು ಏಟು ಬಿತ್ತು.

"ತೆಗಿಯೋ ಕೈ!" ಮಂಗಾಸಿ ಎದ್ದುಬಂದು ನಿಂತಿದ್ದ. "ಪಕ್ಕೆಲುಬು ಹೆಣ್ಣು ಕೊಟ್ಟವರ ಪಾಲು! ನನ್ನ ಪಾಲು! ನೀನ್ಯಾವನೋ ಅದನ್ನ ಮುಟ್ಟೋಕೆ?"

ದಾಂಡಿಗ ಕೈ ಉಜ್ಜಿಕೊಳ್ಳುತ್ತ ಹಿಂದೆ ಸರಿದ. ಈರುಳ್ಳಿ ಮುದುಕಿ ಬೆರಳು ಚೀಪಿ, "ಕೇಳಿಸ್ಕೊಂಡ್ರಲ್ಲಾ?" ಎಂದಳು. "ಅವನ ಬಾಯಲ್ಲೇ ಬಂತು."

ಆಗ ಮಂಗಾಸಿಗೆ ಅರ್ಥವಾಯಿತು. ಆ ಪಾಲಿಗಾಗಿ ಅವನು ಎಷ್ಟು ಮದುವೆಗಳಲ್ಲಿ ಜಗಳವಾಡಿದ್ದ! ತಂಗಿಯನ್ನು ತಂದುಕೊಂಡ ಮನೆಯವರು ತನಗೆ ತಗ್ಗಿ ನಡೆಯಬೇಕೆಂದು, ತಟ್ಟೆಯಲ್ಲಿ ಪಕ್ಕೆಲುಬೇ ಬರಬೇಕೆಂದು ಹಟ ಹಿಡಿದವನು ಅವನೇ. ಅದು ತನ್ನದೆಂದು ಹತ್ತು ಜನರೆದುರು ಕೂಗಿ, ಅದನ್ನು ತಂದವಳಿಗೆ ಬೆನ್ನು ಹಾಕಿ ಕೂರಲು ಬರುತ್ತಿರಲಿಲ್ಲ.

ಲಮ್ರಿಯಾ ಎರಡೂ ಕೈಯಲ್ಲಿ ಎಲೆ ಹಿಡಿದು ತಲೆ ಬಗ್ಗಿಸಿದಳು. ಅವನು ತೆಗೆದುಕೊಂಡು ತಂಗಿಯ ಎದುರು ಕೂತ.

"ಪ್ರಾರ್ಥನೆ," ಎಂದಳು ಅವಳು ಮೆಲ್ಲಗೆ.

"ಗೊತ್ತಿದೆ ನಂಗೆ." ಕಣ್ಣು ಮುಚ್ಚಿ, ಯಾರಿಗೂ ಕೇಳದ ಹಾಗೆ ಏನೋ ಹೇಳಿ, ಆಮೆನ್ ಅಂದು ತಿನ್ನತೊಡಗಿದ. ದೋಣಿಯ ಜನ ತಮ್ಮ ಎಲೆ ಮರೆತು ಅವನ ದವಡೆಯನ್ನೇ ನೋಡುತ್ತಿದ್ದರು. ಮೂಳೆ ಬಿಳಿಯಾಗುವವರೆಗೂ ಅವನು ಬಿಡಲಿಲ್ಲ.

"ಉಪ್ಪು ಕಮ್ಮಿ," ಎಂದ. ಆಮೇಲೆ ನೀರಿನ ಕಡೆ ತಿರುಗಿ ಕೇಳಿದ. "ಯಾಕೆ ಬಂದೆ?"

"ಒರತೆ ಗದ್ದೆ ಬೇಡೋಕೆ ಬಂದೆ, ಅಣ್ಣಾ."

ಅವನು ಬಗ್ಗಿ ಸರೋವರದಲ್ಲಿ ಕೈ ಅದ್ದಿದ. ತೊಳೆಯುವುದು ಬಹಳ ಹೊತ್ತು ಹಿಡಿಯಿತು.

"ತಗೊ," ಎಂದ.

ಲಮ್ರಿಯಾ ಹೆಗಲ ಬಟ್ಟೆಗೆ ಮುಖ ಒತ್ತಿಕೊಂಡಳು. ಅವನಿಗೆ ಅದೂ ಸಿಟ್ಟು ಬರಿಸಿತು.

"ಅಳಬೇಡ. ಅಳೋ ಗದ್ದೆ ಅಲ್ಲ ಅದು. ಮೂರನೇ ಅಂಚು ಸೋರತ್ತೆ. ಅದನ್ನ ಕಟ್ಟೋದು ನಿನ್ನ ಗಂಡನ ಕೈಲಾಗಲ್ಲ. ಪಾದ್ರಿ ಬೈಬಲ್ ಹಿಡಿದ ಹಾಗೆ ಗುದ್ದಲಿ ಹಿಡೀತಾನೆ ಅವ್ನು."

"ನೀನೇ ಬಂದು ಕಟ್ಟು. ಬರಬೇಡ ಅಂದವರ್ಯಾರು?"

"ಬರ್ತೀನಿ. ಬೆಳಿಗ್ಗೆ ಬೆಳಿಗ್ಗೆ ಬರ್ತೀನಿ. ಬಂದಾಗ ಅವನು ಅಡ್ಡ ಮಾತಾಡಬಾರ್ದು."

"ಆಡಲ್ಲ."

ಅವನು ಶುರುಮಾಡಿದ. ನೀರು ಎಲ್ಲಿಂದ ಬಿಡಬೇಕು, ಏಡಿ ಎಲ್ಲಿ ಬಿಲ ತೋಡುತ್ತದೆ, ಯಾವ ಮೂಲೆಯಲ್ಲಿ ಎಮ್ಮೆಯ ಕಾಲು ಹೂತುಹೋಗುತ್ತದೆ. ಸಂತೆಯ ದಡ ಇನ್ನೂ ದೂರವಿತ್ತು. ನೋಡಿದರೆ ಲಮ್ರಿಯಾ ಈರುಳ್ಳಿ ಮೂಟೆಗೆ ಒರಗಿ ನಿದ್ದೆ ಹೋಗಿದ್ದಳು. ಮುದುಕಿ ಬಾಯಿಯ ಮೇಲೆ ಬೆರಳಿಟ್ಟಳು. ಮಂಗಾಸಿ ದನಿ ತಗ್ಗಿಸಿದ. ದೋಣಿ ಓಲಾಡಿದಾಗ ಬುಟ್ಟಿ ಜಾರದಂತೆ ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡು, ಕೆಳಗಿನ ಅಂಚಿನ ಬಳಿ ನಾಟಿಗೆ ಮುಂಚೆ ಏನೇನು ಮಾಡಬೇಕೆಂದು ಹೇಳುತ್ತಲೇ ಹೋದ.