ಮನೆಯೊಳಗೆ ಬಂದ ದೋಣಿ

ಬಿಸು ಹಬ್ಬದ ಮರುದಿನ ಮಾಡಿನ ಹಳೆಯ ಮಡಲು ಇಳಿಸುವುದು ಬೊಕ್ಕಪಟ್ಣದ ಆ ಮನೆಯಲ್ಲಿ ಯಾರೂ ಯೋಚಿಸಿ ಮಾಡುವ ಕೆಲಸವಾಗಿರಲಿಲ್ಲ. ಬೆಳಗಿನ ಗಂಜಿ ಕುಡಿದು ಗಿರಿಯಪ್ಪ ಏಣಿ ಇಟ್ಟ, ನೆರೆಯವರು ಬಂದರು, ಮಧ್ಯಾಹ್ನದ ಹೊತ್ತಿಗೆ ಮಾಡು ಬೋಳಾಯಿತು. ಒಂದು ಮಳೆಗಾಲವನ್ನು ಹೊತ್ತು ಕಪ್ಪಾದ ತೆಂಗಿನ ಗರಿಗಳು ಅಂಗಳದಲ್ಲಿ ರಾಶಿ ಬಿದ್ದವು. ಅವುಗಳೊಳಗೆ ಸಂಸಾರ ಹೂಡಿದ್ದ ಹಲ್ಲಿಗಳು ದಿಕ್ಕೆಟ್ಟು ಓಡಿದವು. ಹೊಳೆಯಲ್ಲಿ ನೆನೆಸಿ ಹೆಣೆದ ಹೊಸ ಮಡಲು ಹಿತ್ತಿಲಿನಲ್ಲಿ ಒಟ್ಟಿಟ್ಟಿತ್ತು. ನಾಳೆ ಅದು ಮೇಲೇರಬೇಕು.

ಗಿರಿಯಪ್ಪನ ತಂಗಿ ದೇಯಿ ಎಲ್ಲರಿಗೂ ಬೆಲ್ಲ ನೀರು ಕೊಟ್ಟಳು. ಅವಳ ಮಗಳು ವಾರಿಜಾಕ್ಷಿ ಚೊಚ್ಚಲ ಬಸುರಿ. ಬಯಕೆಯ ಊಟ ಮುಗಿಸಿ ಗಂಡನ ಮನೆಯಾದ ಉಳ್ಳಾಲದಿಂದ ಹೊಳೆ ದಾಟಿ ಬಂದು ಕೆಲವು ದಿನಗಳಾಗಿದ್ದವು. ಕೆಲಸ ಮಾಡಲು ಯಾರೂ ಬಿಡಲಿಲ್ಲವಾದ್ದರಿಂದ ಅವಳು ಒಳಗೆ ಚಾಪೆಯ ಮೇಲೆ ಮಲಗಿ ಮೇಲೆ ನೋಡುತ್ತಿದ್ದಳು. ಮಾಡು ಹೊರುವ ಮರದ ಪಕ್ಕಾಸುಗಳು ಬೋಳಾಗಿ, ಅವುಗಳ ನಡುವೆ ಆಕಾಶವಿತ್ತು. ಪಕ್ಕಾಸುಗಳ ನೆರಳು ಅವಳ ಹೊಟ್ಟೆಯ ಮೇಲೆ ಅಡ್ಡಡ್ಡ ಬಿದ್ದಿತ್ತು. ಒಳಗಿನ ಮಗು ಮಗ್ಗುಲಾದಾಗ ಆ ನೆರಳೂ ಮೆಲ್ಲನೆ ಅಲುಗಿತು.

ಸಂಜೆ ಪುರಸಭೆಯ ಓವರ್‌ಸಿಯರ್ ಸಿಪ್ರಿಯನ್ ಸೈಕಲ್ ತಳ್ಳಿಕೊಂಡು ಬಂದ. ಅಂಗಳದ ರಾಶಿ ನೋಡಿ ಅಲ್ಲೇ ನಿಂತ.

"ಎಂತ ಮಾರಾಯ ಗಿರಿಯಪ್ಪ, ಎಂತ ಮಾಡಿದ್ದು ನೀನು? ಡಂಗುರ ಕೇಳ್ಲಿಲ್ವಾ?"

"ಕೇಳಿದ್ದೇನೆ ಪೊರ್ಬುಗಳೇ," ಎಂದ ಗಿರಿಯಪ್ಪ, ಊರಿನ ಕ್ರೈಸ್ತರನ್ನು ಎಲ್ಲರೂ ಕರೆಯುವ ಹಾಗೆಯೇ. "ಇನ್ನು ಈ ಬದಿಯಲ್ಲಿ ಹೊಸತಾಗಿ ಮಡಲಿನ ಮನೆ ಆಗ್ಬಾರ್ದು, ಹಂಚೇ ಆಗ್ಬೇಕು. ಹಳತು ಇದ್ದ ಹಾಗೇ ಇರಬಹುದು. ಹಾಗೇ ಅಲ್ವಾ? ನಮ್ಮದು ಹಳತೇ. ನನ್ನ ಅಜ್ಜಿ ಹುಟ್ಟಿದ್ದು ಇದರಲ್ಲೇ."

"ಮನೆ ಹಳತು. ಮಾಡು ಎಲ್ಲುಂಟು?"

ಎಲ್ಲರೂ ತಲೆಯೆತ್ತಿ ನೋಡಿದರು. ಮಾಡು ಇರಬೇಕಾದಲ್ಲಿ ಒಂದು ಗಿಡುಗ ತೇಲುತ್ತಿತ್ತು.

"ಹಳೇ ಮಡಲು ಅಲ್ಲೇ ಇದ್ದಿದ್ದರೆ ನಾನು ಕೇಳ್ತಿರಲಿಲ್ಲ," ಎಂದ ಸಿಪ್ರಿಯನ್. ಅವನ ದನಿಯಲ್ಲಿ ಗದರಿಕೆಗಿಂತ ಬೇಸರವೇ ಹೆಚ್ಚಿತ್ತು. "ಈಗ ನೀನು ಮೇಲೆ ಹಾಕುವುದೆಲ್ಲ ಹೊಸತು. ಹಾಕ್ಲಿಕ್ಕಿಲ್ಲ."

"ಒಂದು ಮಳೆ ಕಂಡ ಮಡಲು ಇನ್ನೊಂದು ಮಳೆಗೆ ನಿಲ್ತದಾ?" ದೇಯಿ ಕೇಳಿದಳು. "ವರ್ಷ ವರ್ಷ ಇಳಿಸಿ ಹಾಕುವುದೇ ಅಲ್ವಾ?"

"ಅದು ನನಗೆ ಗೊತ್ತುಂಟು ದೇಯಕ್ಕ. ಕೌನ್ಸಿಲಿನಲ್ಲಿ ಕೂತವರ ಮನೆಗೆಲ್ಲ ಹಂಚು. ಅವರಿಗೆ ಹೇಗೆ ಗೊತ್ತಾಗ್ಬೇಕು?"

ಆ ನಿಯಮ ಸುಮ್ಮನೆ ಹುಟ್ಟಿದ್ದಲ್ಲ ಎಂಬುದು ದೇಯಿಗೂ ಗೊತ್ತಿತ್ತು. ಹಿಂದಿನ ಬೇಸಗೆಯಲ್ಲಿ ಬಂದರಿನ ಹಿಂಬದಿಯ ಮಡಲಿನ ಮನೆಗಳ ಸಾಲೊಂದು ಒಬ್ಬರ ಒಲೆಯ ಕಿಡಿಯಿಂದ ಹೊತ್ತಿ ಉರಿದಿತ್ತು. ಗಾಳಿಗೆ ಹಾರಿದ ಉರಿಯುವ ಗರಿಗಳನ್ನು ಅವಳು ಹಸಿ ಗೋಣಿಯಿಂದ ಬಡಿದು ಬಡಿದು ಆರಿಸಿದ್ದಳು. ಅದಾದ ಮೇಲೆಯೇ ಪುರಸಭೆ ಈ ಕಡೆಯ ನಕ್ಷೆ ಮಾಡಿಸಿದ್ದು. ದಾರಿಯ ಆಚೆಗೆ ಮನೆಗಳು, ಈಚೆಗೆ ಹೊಳೆಯ ಬದಿಯಲ್ಲಿ ಸರಕಿನ ಕೊಟ್ಟಿಗೆಗಳು ಮತ್ತು ದೋಣಿಗಳು. ಈಚೆಗೆ ಉಳಿದ ಮನೆಗಳ ಹಳೆಯ ಮಾಡು ಇದ್ದಷ್ಟು ದಿನ ಇರಲಿ, ಆಮೇಲೆ ಹಂಚು.

"ಹಾಗಾದ್ರೆ ಮಳೆಗಾಲದಲ್ಲಿ ನಮ್ಮ ದೋಣಿಗೆ ಹಾಕುವ ಚಪ್ಪರಕ್ಕೂ ಹಂಚಾ ಪೊರ್ಬುಗಳೇ?" ದೇಯಿ ಕುಟುಕಿದಳು.

"ಅದಕ್ಕೆ ಮಡಲು ಹಾಕಬಹುದು. ದೋಣಿಯಲ್ಲಿ ಕೂತು ಯಾರೂ ಮೀನುಸಾರು ಮಾಡುವುದಿಲ್ಲವಲ್ಲ," ಎಂದು ಸಿಪ್ರಿಯನ್ ಸೈಕಲ್ ಏರಿದ.

ಹಂಚು ಹೊರುವ ಶಕ್ತಿ ಆ ಮಣ್ಣಿನ ಗೋಡೆಗಳಿಗೂ ಇರಲಿಲ್ಲ, ಮನೆಯವರಿಗೂ ಇರಲಿಲ್ಲ. ಮಾಡಿಲ್ಲದೆ ಒಂದು ಮಳೆಗಾಲ ಕಳೆದರೆ ಗೋಡೆ ಕರಗಿ ಅಂಗಳವಾಗುತ್ತದೆ. ವಾರಿಜಾಕ್ಷಿಗೆ ದಿನ ತುಂಬುವುದೂ ಆ ಮಳೆಯಲ್ಲೇ. ಉಳ್ಳಾಲಕ್ಕೆ ಹಿಂದೆ ಹೋಗಬಹುದಿತ್ತು. ಅವಳ ಗಂಡ ಪೂವಪ್ಪ ಬಂದು ಕರೆದದ್ದೂ ಆಯಿತು. ಅವಳು ತಲೆಯಾಡಿಸಿದಳು. ಅವರಲ್ಲಿ ಮನೆ ನಡೆಯುವುದು ಹೆಣ್ಣಿನ ಕಡೆಯಿಂದ. ಈ ಮಗು ಸೇರುವುದು ಈ ಮನೆಗೆ. ಅದು ಬರುವಾಗ ಮನೆಯೇ ಇಲ್ಲವೆಂದರೆ ಎಲ್ಲಿಗೆ ಬಂದ ಹಾಗಾಯಿತು?

"ನಾನು ಹೋದರೆ ಅಮ್ಮ ಒಬ್ಬಳೇ ಗೋಡೆ ಹಿಡಿದು ನಿಲ್ಬೇಕು," ಎಂದಷ್ಟೇ ಅವಳು ಗಂಡನಿಗೆ ಹೇಳಿದ್ದು. ಪೂವಪ್ಪ ಒತ್ತಾಯಿಸಲಿಲ್ಲ. ಮಡಲು ಹೊದೆಸುವ ದಿನ ಬಂದರೆ ಹೇಳಿ ಕಳಿಸು ಎಂದು ಹೇಳಿ ಹೋದ.

ಗಿರಿಯಪ್ಪ ಒಗೆದ ಅಂಗಿ ಹಾಕಿಕೊಂಡು ಪುರಸಭೆಯ ಸಭೆಗೆ ಹೋದ. ಮಧ್ಯಾಹ್ನ ಬಂದು ಜಗಲಿಯಲ್ಲಿ ಕುಳಿತು ಅಂಗಿ ಕಳಚಿದ.

"ಎಂತ ಹೇಳಿದ್ರು ಅಣ್ಣ?" ದೇಯಿ ಕೇಳಿದಳು.

"ಒಳ್ಳೆಯವರೇ. ಕೂತುಕೊಳ್ಳಿ ಅಂದ್ರು. ಮೇಜಿನ ಮೇಲೆ ನಕ್ಷೆ ಹಾಸಿದ್ದಾರೆ, ನಮ್ಮ ಬಲೆಯಷ್ಟು ದೊಡ್ಡದು. ಹೊಳೆಗೆ ನೀಲಿ ಬಣ್ಣ ಬಳಿದಿದ್ದಾರೆ. ನಾನು ಹುಟ್ಟಿದ ಮೇಲೆ ಈ ಹೊಳೆ ಅಷ್ಟು ನೀಲಿ ಇದ್ದದ್ದು ನಾನು ನೋಡ್ಲಿಲ್ಲ."

"ನಮ್ಮ ಮನೆ ಉಂಟಾ ಅದರಲ್ಲಿ?"

"ಉಂಟು. ಒಂದು ಇರುವೆಯಷ್ಟು. ಒಬ್ಬರು ಅದರ ಮೇಲೆ ಕನ್ನಡಕ ಇಟ್ಟಿದ್ರು."

ವಾರಿಜಾಕ್ಷಿಗೆ ನಗು ಬಂತು. ಗಿರಿಯಪ್ಪನೂ ಸ್ವಲ್ಪ ನಕ್ಕ. ಮತ್ತೆ ಹೇಳಿದ: "ಒಂದು ಮನೆಗೆ ಬಿಟ್ಟರೆ ಎಲ್ಲರಿಗೂ ಬಿಡಬೇಕಾಗ್ತದಂತೆ. ಮಳೆಗಾಲ ಕಳೆದ ಮೇಲೆ ಬೇಕಾದರೆ ನೋಡುವಾ ಅಂದ್ರು."

"ಮಳೆಗಾಲ ಕಳೆದ ಮೇಲೆ ನೋಡ್ಲಿಕ್ಕೆ ಎಂತ ಇರ್ತದೆ?" ಎಂದು ದೇಯಿ ಸೌಟು ಹಿಡಿದುಕೊಂಡೇ ಒಳಗೆ ಹೋದಳು.

ಆ ದಿನಗಳಲ್ಲಿ ವಾರಿಜಾಕ್ಷಿಗೆ ಮಧ್ಯಾಹ್ನದ ನಿದ್ದೆ ಯಾವಾಗ ಬರುತ್ತಿತ್ತು, ಯಾವಾಗ ಹೋಗುತ್ತಿತ್ತು ಎಂದು ತಿಳಿಯುತ್ತಿರಲಿಲ್ಲ. ಅಕ್ಕಿ ಆರಿಸುತ್ತಾ ಆರಿಸುತ್ತಾ ಕಣ್ಣು ಮುಚ್ಚುತ್ತಿತ್ತು. ಗೋಡೆಗಳ ನಡುವೆ ಬಿಸಿಲು ತುಂಬಿಕೊಂಡು ಕೊಡದ ನೀರಿನ ಹಾಗೆ ತುಳುಕುತ್ತಿತ್ತು. ಮೋಡದ ನೆರಳುಗಳು ನೆಲದ ಮೇಲೆ ಬಂದು, ಅಡಿಗೆಯ ಮೂಲೆಯನ್ನು ದಾಟಿ, ಉಪ್ಪಿನ ಮರಿಗೆಯನ್ನು ಮುಟ್ಟಿ ಹೋಗುತ್ತಿದ್ದವು. ಒಮ್ಮೊಮ್ಮೆ ತೆಂಗಿನ ಹೂವು ಉದುರಿ ಅವಳ ಮಡಿಲಿಗೆ ಬೀಳುತ್ತಿತ್ತು. ಹೀಗೊಂದು ಮಧ್ಯಾಹ್ನ ಪಕ್ಕಾಸುಗಳನ್ನು ನೋಡುತ್ತಿದ್ದ ಹಾಗೆ, ತಾನು ಮಲಗಿರುವುದು ದೋಣಿಯ ಒಡಲಿನಲ್ಲಿ, ಮೇಲಿರುವುದು ಕವುಚಿ ಹಾಕಿದ ಇನ್ನೊಂದು ದೋಣಿ ಎಂದು ಅನಿಸಿತು. ಎರಡೂ ಸೇರಿ ಕಪ್ಪೆಚಿಪ್ಪಿನ ಹಾಗೆ ಮುಚ್ಚಿಕೊಂಡವು. ಒಳಗೆ ಅವಳಿದ್ದಳು, ಅವಳೊಳಗೆ ಇನ್ನೊಬ್ಬರು. ಹೊರಗೆ ಮಳೆ ಸುರಿಯುತ್ತಿತ್ತು, ಒಂದು ಹನಿಯೂ ಒಳಗೆ ಬರುತ್ತಿರಲಿಲ್ಲ.

ಊಟಕ್ಕೆ ಕುಳಿತಾಗ ಅವಳು ಅದನ್ನು ಹೇಳಿದಳು. ಹೇಳುತ್ತಾ ಹೇಳುತ್ತಾ ಅನ್ನ ಕಲಸುವ ಕೈ ನಿಂತಿತು.

"ಮಾಮಾ, ನಮ್ಮ ದೋಣಿಯನ್ನು ಒಳಗೇ ತಂದು ಇಟ್ಟರೆ? ದೋಣಿಗೆ ಮಡಲು ಹಾಕಬಹುದು ಅಂತ ಅವರೇ ಹೇಳಿದ್ದಾರಲ್ಲ?"

ದೇಯಿ ನಗಾಡಿದಳು. "ಹೊಟ್ಟೆಯಲ್ಲಿರುವವರಿಗೆ ಈಗಲೇ ಸವಾರಿ ಬೇಕಂತೆ!"

ಗಿರಿಯಪ್ಪ ನಗಲಿಲ್ಲ. "ಹೆರಿಗೆಯ ಮನೆಯೊಳಗೆ ದೋಣಿಯಾ? ಅಮೆ ತಾಗ್ತದೆ. ಅಮೆ ತಾಗಿದ ದೋಣಿಯನ್ನು ನೀರಿಗೆ ಇಳಿಸ್ಲಿಕ್ಕುಂಟಾ? ಹೆಣ್ಣುಮಕ್ಕಳು ಮೀನಿನ ದೋಣಿಯನ್ನು ಕಾಲೆತ್ತಿ ದಾಟುವುದೂ ಇಲ್ಲ ನಮ್ಮಲ್ಲಿ. ಈ ಮಾತು ಇನ್ನು ಬೇಡ."

ಹೆರಿಗೆಯ ಮೈಲಿಗೆ ದೋಣಿಗೆ ತಾಗಿದರೆ ಕಡಲು ಮುನಿಯುತ್ತದೆ ಎಂದು ಅವನು ನಂಬಿದ್ದ. ಅವನ ಸೋದರಮಾವನೂ ಹಾಗೆಯೇ ನಂಬಿದ್ದ, ಆ ದೋಣಿಯನ್ನು ಅವನಿಗೆ ಬಿಟ್ಟು ಹೋದದ್ದು ಆ ಮಾವನೇ. ವಾರಿಜಾಕ್ಷಿ ಮತ್ತೆ ಕೇಳಲಿಲ್ಲ. ಗಿರಿಯಪ್ಪ ದೋಣಿಯನ್ನು ಹೊಳೆಯಿಂದ ಮೇಲಕ್ಕೆ ಎಳೆಸಿ, ದಿನವೂ ಅದರ ಬಳಿ ಕುಳಿತು ಮೀನೆಣ್ಣೆ ಉಜ್ಜುತ್ತಿದ್ದ. ಉಜ್ಜಿದ್ದನ್ನೇ ಉಜ್ಜುತ್ತಿದ್ದ.

ಒಂದು ಮಧ್ಯಾಹ್ನ ಪಡುವಣದಿಂದ ಮೋಡ ಎದ್ದು, ಕಾಲ ಬರುವ ಮೊದಲೇ ಮಳೆ ಸುರಿಯಿತು. ಗಿರಿಯಪ್ಪ ಓಡಿ ಬಂದಾಗ ದೇಯಿ ಗೋಡೆಯ ತಲೆಗೆ ಹಳೆಯ ಹಾಯಿಬಟ್ಟೆ ಹೊದೆಸುತ್ತಿದ್ದಳು. ಬಟ್ಟೆ ಸಾಲದೆ ಉಳಿದ ಕಡೆ ವಾರಿಜಾಕ್ಷಿ ಗೆರಸೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನಿಂತಿದ್ದಳು. ತಾನು ಪೂರ್ತಿ ಒದ್ದೆಯಾಗಿದ್ದಳು. ಗೋಡೆಯಿಂದ ಇಳಿದ ಕೆಂಪು ನೀರು ಅವಳ ಮೊಣಕೈಯಿಂದ ಹರಿದು ಹೊಟ್ಟೆಯ ಮೇಲಿನ ಸೀರೆಯನ್ನು ಕೆಂಪು ಮಾಡಿತ್ತು.

"ಕೆಳಗೆ ಇಡು ಮಗಾ," ಎಂದ ಗಿರಿಯಪ್ಪ.

"ಇಟ್ಟರೆ ಗೋಡೆ ಹೋಗ್ತದೆ ಮಾಮಾ."

ಅವನು ಗೆರಸೆಯನ್ನು ಅವಳ ಕೈಯಿಂದ ತೆಗೆದು ತಾನು ಹಿಡಿದುಕೊಂಡ. ಮಳೆ ನಿಲ್ಲುವ ತನಕ ಹಾಗೇ ನಿಂತಿದ್ದ. ಮಳೆ ನಿಂತ ಮೇಲೂ ಕೈ ಇಳಿಸಲು ಮರೆತಂತೆ ಇದ್ದ.

"ದೇಯಿ," ಎಂದ ಕೊನೆಗೆ. "ನಾನು ಈ ದೋಣಿ ಇಟ್ಟುಕೊಂಡದ್ದು ಯಾರಿಗೆ? ನನ್ನ ಮಕ್ಕಳು ಅವರ ಅಮ್ಮನ ಮನೆಯವರು. ನನ್ನ ನಂತರ ಇದು ಯಾರಿಗೆ ಹೋಗ್ಬೇಕು?"

ದೇಯಿ ಮಗಳ ತಲೆ ಒರೆಸುತ್ತಿದ್ದಳು. "ಇದಕ್ಕೇ," ಎಂದು ಮಗಳ ಹೊಟ್ಟೆಯನ್ನು ತೋರಿಸಿದಳು.

"ಹೌದಲ್ಲ. ಅದರ ದೋಣಿಗೆ ಅದರದ್ದೇ ಅಮೆ ತಾಗಿದರೆ ನನಗೆಂತ? ಕಡಲು ಕೇಳಿದರೆ ಹಾಗೇ ಹೇಳ್ತೇನೆ."

ಮರುದಿನ ಹೊಳೆಯ ಕಡೆಯ ಗೋಡೆಯನ್ನು ದೋಣಿ ನುಗ್ಗುವಷ್ಟು ಅಗಲಕ್ಕೆ ಒಡೆದರು. ಪೂವಪ್ಪ ಉಳ್ಳಾಲದಿಂದ ಜೊತೆಯವರನ್ನು ಕರೆದುಕೊಂಡು ಬಂದ. ಉರುಳು ದಿಮ್ಮಿಗಳ ಮೇಲೆ ದೋಣಿ ಹೆಜ್ಜೆ ಹೆಜ್ಜೆಯಾಗಿ ಒಳಗೆ ಬಂತು. ಹೊಸ ಮದುಮಗಳಂತೆ ಬರುತ್ತಿದೆ ಎಂದು ಯಾರೋ ಹೇಳಿದರು. ದೇಯಿ ತಮಾಷೆಗೆ ಒಂದು ಚೆಂಬು ನೀರು ತಂದು ಅದರ ಮೂತಿಗೆ ಹೊಯ್ದಳು. ಸಂಜೆಯೊಳಗೆ ಮಡಲು ಮೇಲೇರಿತು. ಒಳಗೆ ಮೀನೆಣ್ಣೆ, ಹೊಸ ಗರಿ, ಒದ್ದೆ ಮಣ್ಣು ಮೂರರ ವಾಸನೆಯೂ ಕಲೆತು ನಿಂತಿತು.

ಒಲೆಯನ್ನು ಮಾತ್ರ ದೇಯಿ ಒಳಗೆ ಇಡಲಿಲ್ಲ. ಕಿಡಿ ಹಾರಿದ ಬೇಸಗೆ ಅವಳಿಗೆ ಮರೆತಿರಲಿಲ್ಲ. ದಾರಿಯಾಚೆ ಮರದ ವ್ಯಾಪಾರಿ ಇದಿನಬ್ಬನದು ಹಂಚಿನ ಮನೆ. ಅವನ ಹೆಂಡತಿ ತನ್ನ ಹಿಂದಿನ ಜಗಲಿಯ ಮೂಲೆಯನ್ನು ಬಿಟ್ಟುಕೊಟ್ಟಳು. "ದೋಣಿಯಲ್ಲಿ ಇರುವವರಿಗೆ ದಡದಲ್ಲೊಂದು ಒಲೆ ಬೇಡವಾ?" ಎಂದಳು. ದೇಯಿ ಗಂಜಿಯ ಪಾತ್ರೆಯನ್ನು ಸೆರಗಿನಲ್ಲಿ ಹಿಡಿದು ಮಳೆಯಲ್ಲಿ ದಾರಿ ದಾಟಿ ಬರುವುದನ್ನು ರೂಢಿ ಮಾಡಿಕೊಂಡಳು.

ಮಳೆ ಬಂತು. ಬಂದದ್ದು ಹೋಗಲೇ ಇಲ್ಲ. ಹೊಳೆ ಮೆಲ್ಲಮೆಲ್ಲನೆ ಏರಿ, ಒಂದು ಬೆಳಿಗ್ಗೆ ಒಡೆದ ಗೋಡೆಯ ಹೊಸ್ತಿಲು ದಾಟಿ, ನೆಲದ ಮೇಲೆ ಬೆರಳಿನಷ್ಟು ತೆಳ್ಳಗೆ ಹರಿಯಿತು. ವಾರಿಜಾಕ್ಷಿಗೆ ನೋವು ಶುರುವಾದದ್ದು ಆಗಲೇ. ದೇಯಿ ಸುತ್ತ ನೋಡಿದಳು. ಒಣಗಿದ ಜಾಗ ಒಂದೇ ಇತ್ತು. ದೋಣಿಯೊಳಗೆ ಚಾಪೆ ಹಾಸಿ, ಹಳೆಯ ಸೀರೆಗಳನ್ನು ಹರಡಿ, ಮಗಳನ್ನು ಕೈ ಹಿಡಿದು ಹತ್ತಿಸಿದಳು. ಗಿರಿಯಪ್ಪ ಅದನ್ನು ನೋಡಿಯೂ ನೋಡದವನಂತೆ ಇದಿನಬ್ಬನ ಜಗಲಿಗೆ ಹೋಗಿ ಒಲೆಗೆ ಸೌದೆ ಒಡ್ಡುತ್ತಾ ಕುಳಿತ.

ವಾರಿಜಾಕ್ಷಿ ದೋಣಿಯ ಎರಡೂ ಅಂಚನ್ನು ಹಿಡಿದುಕೊಂಡಳು. ನೋವಿನ ಅಲೆ ಬಂದು ಎತ್ತಿತು, ಇಳಿಸಿತು. ಮೇಲೆ ಹೊಸ ಮಡಲು ಮಳೆಯನ್ನು ತೊಗಲಿನ ಹಾಗೆ ತಡೆದು ಗುಂಯ್‌ಗುಡುತ್ತಿತ್ತು. ದೋಣಿ ನಿಂತಲ್ಲೇ ಇದೆಯೋ, ಗೋಡೆ ದಾಟಿ ಹೊಳೆಗೆ, ಹೊಳೆಯಿಂದ ಅಳಿವೆಗೆ, ಅಲ್ಲಿಂದ ಆಚೆಗೆ ಹೋಗುತ್ತಿದೆಯೋ ಅವಳಿಗೆ ಗೊತ್ತಾಗಲಿಲ್ಲ. "ಇನ್ನೊಂದು ಸಲ ಮಗಾ, ದಡ ಬಂತು," ಎಂದು ಅಮ್ಮನ ದನಿ ಎಲ್ಲಿಂದಲೋ ಕೇಳಿತು. ಹೆಣ್ಣು ಮಗು ಹುಟ್ಟಿತು.

ಮಗುವಿನ ಅಮೆ ಕಳೆಯುವ ಮೊದಲೇ ಸಿಪ್ರಿಯನ್ ಬಂದ. ಕೊಡೆಯಿಂದ ನೀರು ಇಳಿಯುತ್ತಿತ್ತು. ಹೊಸ ಮಾಡನ್ನು ಒಮ್ಮೆ, ಒಡೆದ ಗೋಡೆಯೊಳಗೆ ಕಾಣುವ ದೋಣಿಯ ಮೂತಿಯನ್ನು ಒಮ್ಮೆ ನೋಡಿದ.

"ಇದೆಂತ ಗಿರಿಯಪ್ಪ?"

"ದೋಣಿಯ ಚಪ್ಪರ ಪೊರ್ಬುಗಳೇ."

ಅಷ್ಟರಲ್ಲಿ ಒಳಗೆ ಮಗು ಅತ್ತಿತು. ಗಿರಿಯಪ್ಪ ಹೊಳೆಯ ಕಡೆ ಮುಖ ತಿರುಗಿಸಿದ.

"ನಿನ್ನ ದೋಣಿ ಅಳ್ತದಾ ಮಾರಾಯ?"

"ಹೊಸತಲ್ವಾ. ಅಭ್ಯಾಸ ಆಗ್ಲಿಲ್ಲ," ಎಂದಳು ದೇಯಿ ಒಳಗಿನಿಂದ.

ಸಿಪ್ರಿಯನ್ ಬಗ್ಗಿ ನೋಡಿದ. ಒಲೆ ಇದ್ದ ಮೂಲೆಯಲ್ಲಿ ಬೂದಿಯೂ ಇರಲಿಲ್ಲ. "ಬೆಂಕಿ?"

"ದಾರಿಯಾಚೆ. ಹಂಚಿನ ಅಡಿಯಲ್ಲಿ."

ಅವನು ಕೊಡೆಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡ. ಆಮೇಲೆ ಬಾಗಿಲಿನ ಪಕ್ಕದಲ್ಲಿ ಹೊಡೆದಿದ್ದ ಪುರಸಭೆಯ ನಂಬರಿನ ತಗಡನ್ನು ಬೆರಳಿನಿಂದ ಎಬ್ಬಿಸಿದ. ತುಕ್ಕು ಹಿಡಿದ ಮೊಳೆ ಸುಲಭಕ್ಕೆ ಬಿಟ್ಟುಬಂತು.

"ಇನ್ನು ಇಲ್ಲಿ ಮನೆ ಇಲ್ಲ. ನಾಳೆ ನಲ್ಲಿ, ಬೀದಿದೀಪ ಅಂತ ಕೇಳ್ಲಿಕ್ಕೆ ಬಂದರೆ ದೋಣಿಗೆ ಯಾಕೆ ಅಂತಾರೆ. ಆಗ್ಬಹುದಾ?"

ಗಿರಿಯಪ್ಪ ತಂಗಿಯ ಕಡೆ ನೋಡಿದ. ದೇಯಿ ದೋಣಿಯ ಕಡೆ ನೋಡಿದಳು. ಉತ್ತರ ವಾರಿಜಾಕ್ಷಿಯಿಂದ ಬಂತು: "ಆಗ್ಬಹುದು."

"ಹೆಣ್ಣಾ, ಗಂಡಾ?"

"ಹೆಣ್ಣು."

"ಒಳ್ಳೆಯದಾಯ್ತು," ಎಂದು ಸಿಪ್ರಿಯನ್ ತಗಡನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಮಳೆಯಲ್ಲಿ ಹೋದ.

ಅಮೆ ಕಳೆದ ದಿನ ಮಡಿವಾಳ್ತಿ ಬಂದು ಬಾಣಂತಿಗೆ ಮಡಿಬಟ್ಟೆ ಕೊಟ್ಟಳು. ಮನೆಗೆ ಶುದ್ಧದ ನೀರು ಚಿಮುಕಿಸಿದಳು. ದೋಣಿಯ ಮುಂದೆ ನಿಂತು, ಇದಕ್ಕೇನು ಮಾಡುವುದು ಎಂದು ಕೇಳಿದಳು. ಅವಳಿಗೆ ಅಂತಹ ಕೆಲಸ ಹಿಂದೆ ಬಂದಿರಲಿಲ್ಲ. "ಅದೂ ಹೆತ್ತಿದೆ, ಅದಕ್ಕೂ ಚಿಮುಕಿಸು," ಎಂದ ಗಿರಿಯಪ್ಪ. ಮಡಿವಾಳ್ತಿ ಮೂತಿಯಿಂದ ಬುಡದ ತನಕ ನೀರು ಚಿಮುಕಿಸಿದಳು.

ನೂಲ ಹುಣ್ಣಿಮೆ ಕಳೆದು, ಕಡಲಿಗೆ ಹಾಲು ಹೊಯ್ದು ಬಂದ ಮೇಲೆ ದೋಣಿ ಇಳಿಯುವ ದಿನ ಬಂತು. ದಿಮ್ಮಿಗಳ ಮೇಲೆ ಅದು ಬಂದ ಹಾಗೆಯೇ ಹೋಯಿತು. ಮನೆ ಒಮ್ಮೆಲೇ ದೊಡ್ಡದಾಯಿತು. ಒಳಗೆಲ್ಲ ಹೊಳೆಯ ಬೆಳಕು ಬಂದು ಮಡಲಿನ ಅಡಿಯಲ್ಲಿ ಕುಣಿಯತೊಡಗಿತು. ಅದುವರೆಗೆ ದೋಣಿಯೊಳಗೇ ಮಲಗುತ್ತಿದ್ದ ಮಗು ತೊಟ್ಟಿಲಿನಲ್ಲಿ ನಿಲ್ಲಲಿಲ್ಲ. ಎತ್ತಿದರೂ ಅತ್ತಿತು, ತೂಗಿದರೂ ಅತ್ತಿತು. ವಾರಿಜಾಕ್ಷಿ ಅದನ್ನು ಹೆಗಲಿಗೆ ಹಾಕಿಕೊಂಡು ಅತ್ತಿಂದಿತ್ತ ನಡೆದಳು. ನೆಲದಲ್ಲಿ ಕಾಲಿಗೆ ಏನೋ ತಗ್ಗು ಸಿಕ್ಕಿತು. ಮಳೆಗಾಲವಿಡೀ ನಿಂತ ದೋಣಿ ತನ್ನ ಬೆನ್ನಿನ ಆಕಾರವನ್ನು ಮಣ್ಣಿನ ನೆಲದಲ್ಲಿ ಬಿಟ್ಟು ಹೋಗಿತ್ತು. ಅವಳು ಆ ತಗ್ಗಿನಲ್ಲಿ ಸೀರೆ ಮಡಚಿ ಹಾಸಿ ಮಗುವನ್ನು ಮಲಗಿಸಿದಳು. ಮಗು ಒಮ್ಮೆ ಬಿಕ್ಕಿ, ಮೇಲೆ ಕುಣಿಯುವ ಬೆಳಕನ್ನು ನೋಡುತ್ತಾ ಸುಮ್ಮನಾಯಿತು.

ದೇಯಿ ಗೋಡೆ ಮುಚ್ಚಲು ಮಣ್ಣು ಕಲಸಿಟ್ಟಿದ್ದಳು. ಗಿರಿಯಪ್ಪ ಹೊಳೆಯಿಂದಲೇ ಕೂಗಿದ.

"ಮುಚ್ಚಬೇಡ ಮಾರಾಯ್ತಿ! ಒಂದು ಚಾಪೆ ಕಟ್ಟು ಸಾಕು. ಬರುವ ಮಳೆಗೆ ಇದು ಪುನಃ ಒಳಗೆ ಬರ್ಬೇಕಲ್ಲ."

ದೇಯಿ ಕೈ ತೊಳೆದುಕೊಂಡು ಚಾಪೆ ಹುಡುಕಲು ಹೋದಳು.